ಗಣಪತಿ ಪೆಂಡಾಲಿನಲ್ಲಿ ಮನೆಮಂದಿಗೆಲ್ಲ ಕವನ: ಮುಕ್ಕಾಲು ಗಂಟೆ ಹಿಡಿದು ಕೂರಿಸೋದು ಹೇಗೆ?

ಯಗಚಿ_ದಂಡೆ
ಬೇಲೂರು ಕಡೆ ಒಂದು ಹಳ್ಳಿಯ ಗಣಪತಿ ಪೆಂಡಾಲು. ಐದನೇ ದಿನ ಸಂಜೆ ಆರೂವರೆಯಿಂದ ಏಳೂಕಾಲರ ತನಕ ಕವನ ಹೇಳಿ ಅಂತ ಸಮಿತಿಯವರು ಸಮಯ ಕೊಟ್ಟಿದ್ದಾರೆ. ಆಮೇಲೆ ಮಂಗಳಾರತಿ, ಎಂಟಕ್ಕೆ ಆರ್ಕೆಸ್ಟ್ರಾ. ಹೇಳುವವರು ಮೂವರು. ಕೂರುವವರು ಅಂದಾಜು 250 ಜನ: ಮುಂದೆ ಜಮಖಾನದ ಮೇಲೆ ಮಕ್ಕಳು, ನಡುವೆ ಕುರ್ಚಿಯಲ್ಲಿ ಅಜ್ಜಿ-ತಾತ, ಅಮ್ಮಂದಿರು, ಹಿಂದೆ ಬೈಕಿಗೆ ಒರಗಿಕೊಂಡ ಹುಡುಗರು. ಇದು ಕವಿಗೋಷ್ಠಿ ಅಲ್ಲ. ಕವನ ಕೇಳಬೇಕು ಅಂತಲೇ ಯಾರೂ ಬಂದಿರಲ್ಲ.

ಯಾವ ಥರದ ಕವನ, ಯಾವುದು ಮೊದಲು ಯಾವುದು ಆಮೇಲೆ, ನೋಡಿ ಓದಬೇಕಾ ಬಾಯಿಪಾಠ ಬೇಕಾ, ಹಾಡಬೇಕಾ ಬರೀ ಹೇಳಬೇಕಾ? ಮೈಕು ಆರ್ಕೆಸ್ಟ್ರಾದವರದ್ದೇ ಅಂತೆ. ಮಳೆ ಬಂದರೆ ಏನು ಮಾಡೋದು? "ಭಾವ ತುಂಬಿ ಹೇಳಿ" ಅನ್ನೋ ಸಲಹೆ ಬೇಡ ದಯವಿಟ್ಟು. ಕೈಗೆ ಸಿಗುವಂಥದ್ದು ಹೇಳಿ.

ಕಾಫಿ_ಕಣ
ಮುಕ್ಕಾಲು ಗಂಟೆ ಜಾಸ್ತಿ ಆಯ್ತು ಮಾರಾಯ್ರೆ. ಮೂವತ್ತು ನಿಮಿಷಕ್ಕೆ ಇಳಿಸಿ. ಉಳಿದ ಹದಿನೈದು ನಿಮಿಷವನ್ನ ಸ್ವಾಗತ, ಹಾರ, ಶಾಲು ಹೇಗೂ ತಿಂದುಹಾಕುತ್ತೆ.

ಪರದೆ_ಹಿಂದೆ
ಕಾಫಿ_ಕಣ ಹೇಳಿದ್ದು ನಿಜ. ಆರೂವರೆ ಅಂದರೆ ಮೊದಲ ಕವನ ಶುರುವಾಗೋದು ಆರೂ ಮುಕ್ಕಾಲಿಗೆ. ಮೂವತ್ತು ನಿಮಿಷಕ್ಕೆ ಹನ್ನೆರಡು ಕವನ ಸಾಕು. ಒಂದೊಂದೂ ಎರಡು ನಿಮಿಷ ದಾಟಬಾರದು. ನಡುವಿನ ಮಾತು ಇಪ್ಪತ್ತು ಸೆಕೆಂಡು. ಕವನ ಹುಟ್ಟಿದ ಸಂದರ್ಭ ವಿವರಿಸೋಕೆ ಹೊರಟರೆ ಕೆಟ್ಟಿತು. ಕವಿಗೋಷ್ಠಿಯಲ್ಲಿ ಅದು ನಡೆಯುತ್ತೆ, ಇಲ್ಲಿ ಅಷ್ಟು ಹೊತ್ತಿಗೆ ಮಕ್ಕಳು ಬಲೂನಿನವನ ಹತ್ತಿರ ಇರ್ತಾರೆ.

ಎಲ್ಲರೂ ಮಾಡೋ ತಪ್ಪು, ಮೊದಲು ಮಕ್ಕಳ ಪದ್ಯ ಅಷ್ಟೂ ಮುಗಿಸಿ ಆಮೇಲೆ ದೊಡ್ಡವರದ್ದಕ್ಕೆ ಹೋಗೋದು. ಮಕ್ಕಳ ಪಾಲು ಮುಗಿದ ಕೂಡಲೇ ಅವು ಏಳುತ್ತವೆ, ಅವುಗಳ ಹಿಂದೆ ಅಮ್ಮಂದಿರು ಏಳ್ತಾರೆ, ಅರ್ಧ ಪೆಂಡಾಲು ಖಾಲಿ. ಜಡೆ ಹೆಣೆದ ಹಾಗೆ ಹೆಣೀಬೇಕು: ಮಕ್ಕಳು ಕೂಗುವಂಥದ್ದು ಒಂದು, ಅಜ್ಜಿಯರಿಗೆ ಗೊತ್ತಿರುವ ಲಯದ್ದು ಒಂದು, ಹುಡುಗರು ನಗುವಂಥದ್ದು ಒಂದು, ಮತ್ತೆ ಮಕ್ಕಳದ್ದು. ಗಂಭೀರವಾದದ್ದು ಇಡೀ ಸಂಜೆಗೆ ಎರಡೇ. ಅದೂ ಏಳನೆಯದೋ ಎಂಟನೆಯದೋ ಆಗಿ ಬರಬೇಕು. ಅಷ್ಟು ಹೊತ್ತಿಗೆ ಕಿವಿ ಹದವಾಗಿರುತ್ತೆ.

ಮೂವರೂ ಒಟ್ಟಿಗೇ ವೇದಿಕೆ ಮೇಲಿರಿ. ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ಹದಿನೈದು ಸೆಕೆಂಡಿನಲ್ಲೇ ಜನ ಮೊಬೈಲ್ ತೆಗೀತಾರೆ.

ಹಿಂದಿನ_ಬೆಂಚು
ಬಲೂನಿನವನನ್ನ ಪೆಂಡಾಲಿನ ಹಿಂಭಾಗಕ್ಕೆ ಕಳಿಸೋದು ಮೊದಲ ಕೆಲಸ.

ಸೌಂಡ್_ಬಾಕ್ಸ್
ಮೈಕಿನ ವಿಷಯಕ್ಕೆ ಬರ್ತೀನಿ. ಆರ್ಕೆಸ್ಟ್ರಾ ಸೆಟ್ ಒಳ್ಳೇದೇ, ಆದರೆ ಅದನ್ನ ಹಾಡಿಗೆ ಅಂತ ಹೊಂದಿಸಿರ್ತಾರೆ. ಕವನಕ್ಕೆ ಮೂರು ಬದಲಾವಣೆ ಬೇಕು.

ಮೊದಲನೆಯದು ಎಕೋ. ನಿಮ್ಮ ಚಾನೆಲ್‌ನಲ್ಲಿ ಎಕೋ ಪೂರ್ತಿ ಸೊನ್ನೆ. "ಸ್ವಲ್ಪ ಇದ್ರೆ ಗಂಭೀರವಾಗಿ ಕೇಳುತ್ತೆ" ಅಂತ ಸೌಂಡಿನವರು ಹೇಳೇ ಹೇಳ್ತಾರೆ, ಒಪ್ಪಬೇಡಿ. ಹಾಡಿನಲ್ಲಿ ಸ್ವರ ಎಳೆಯುವುದರಿಂದ ಎಕೋ ಹೊಂದಿಕೊಳ್ಳುತ್ತೆ. ಮಾತಿನಲ್ಲಿ ಒತ್ತಕ್ಷರದ ಮೇಲೆ ಇನ್ನೊಂದು ಒತ್ತಕ್ಷರ ಬಿದ್ದು ಗಂಜಿಯಾಗುತ್ತೆ.

ಎರಡನೆಯದು ಬಾಸ್. 100 ಹರ್ಟ್ಜ್ ಕೆಳಗಿನದನ್ನ ಕತ್ತರಿಸೋ ಲೋ-ಕಟ್ ಬಟನ್ ಮಿಕ್ಸರಿನಲ್ಲಿ ಇದ್ದರೆ ಒತ್ತಿಸಿ. ಪ, ಫ, ಬ, ಭ ಬಂದಾಗ "ಧಬ್" ಅನ್ನೋದು ಅರ್ಧ ಕಡಿಮೆ ಆಗುತ್ತೆ. ಉಳಿದರ್ಧಕ್ಕೆ ಮೈಕನ್ನ ಬಾಯಿಗೆ ನೇರ ಹಿಡೀಬೇಡಿ. ಗದ್ದದ ಮಟ್ಟದಿಂದ ಓರೆಯಾಗಿ, ತುಟಿಯಿಂದ ನಾಲ್ಕು ಬೆರಳು ದೂರ.

ಮೂರನೆಯದು ರಸ್ತೆಯುದ್ದಕ್ಕೂ ಕಂಬಕ್ಕೆ ಕಟ್ಟಿರೋ ಹಾರ್ನ್‌ಗಳು. ಕವನದ ಹೊತ್ತಿಗೆ ಅವನ್ನ ಆಫ್ ಮಾಡಿಸಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 60 ಮೀಟರ್ ಆಚೆಯ ಹಾರ್ನಿನ ದನಿ ಪೆಂಡಾಲಿಗೆ ವಾಪಸ್ ಬರೋದು ಸುಮಾರು 0.18 ಸೆಕೆಂಡ್ ತಡವಾಗಿ. ನಿಮಿಷಕ್ಕೆ 90 ತಾಳದ ವೇಗದಲ್ಲಿ ನಾಲ್ಕು ಮಾತ್ರೆಯ ಗಣ (ಮಾತ್ರೆ ಅಂದರೆ ಒಂದು ಹ್ರಸ್ವಾಕ್ಷರ ಹೇಳೋ ಹೊತ್ತು, ಗಣ ಅಂದರೆ ಅವುಗಳ ಗುಂಪು) ಹೇಳಿದರೆ ಒಂದು ಮಾತ್ರೆಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಅಂದರೆ ನೀವು ಈ ಅಕ್ಷರ ಹೇಳುವಾಗ ಹಿಂದಿನ ಅಕ್ಷರ ಕಿವಿಗೆ ಮತ್ತೆ ಬಂದು ಬಡಿಯುತ್ತೆ. ಕೇಳುವವರಿಗೆ ಅದು ಗೊತ್ತಾಗಲ್ಲ, "ಏನೋ ಸರಿ ಕೇಳಿಸ್ತಿಲ್ಲ" ಅಂತ ಎದ್ದು ಹೋಗ್ತಾರೆ.

ಗುಗ್ಗರಿ
ಹಾರ್ನ್ ಆಫ್ ಮಾಡಿದ್ರೆ ಮನೇಲಿ ಕೂತವರಿಗೆ ಕೇಳಿಸಲ್ಲ ಅಂತ ಸಮಿತಿಯವರು ಜಗಳಕ್ಕೆ ಬರ್ತಾರೆ 😄

ಸೌಂಡ್_ಬಾಕ್ಸ್
@ಗುಗ್ಗರಿ ಬರಲಿ. ಮನೇಲಿ ಕೂತವರಿಗೆ ಕೇಳಿಸದಿದ್ದರೆ ಪೆಂಡಾಲಿಗೆ ಬರ್ತಾರೆ. ಅದಕ್ಕೇ ಅಲ್ವಾ ಹಬ್ಬ ಮಾಡೋದು.

ಷಟ್ಪದಿ_ಪ್ರಿಯ
ಲಯದ ಬಗ್ಗೆ ಒಂದು ಮಾತು. ಕವನವನ್ನ ಕಣ್ಣಿಗೆ ಚೆನ್ನಾಗಿದೆ ಅಂತ ಆರಿಸಬೇಡಿ. ಪೆಂಡಾಲಿನಲ್ಲಿ ಕೇಳೋದು ಒಂದೇ ಸಲ, ಹಿಂದಿನ ಪುಟ ತಿರುವಿ ನೋಡೋಕೆ ಆಗಲ್ಲ. ಗದ್ಯದಂಥ ನವ್ಯ ಕವನ, ಸಾಲು ಎಲ್ಲಿ ಮುಗೀತು ಅಂತ ಕಿವಿಗೆ ತಿಳಿಯದಂಥದ್ದು, ಇಲ್ಲಿ ನಿಲ್ಲಲ್ಲ.

ಗತಿಯನ್ನೂ ನೋಡಿ. ಮೂರರ ಗತಿ, ನಾಲ್ಕರ ಗತಿಗೆ ಮಕ್ಕಳು ತಾವಾಗಿಯೇ ಚಪ್ಪಾಳೆ ಹಾಕ್ತಾರೆ. ಐದರ ಗತಿಗೆ ತಪ್ಪುತ್ತೆ. ಮೂರು-ನಾಲ್ಕು ಸೇರಿದ ಏಳರ ಗತಿ, ಅಂದರೆ ಆರು ಸಾಲಿನ ಭಾಮಿನಿ ಷಟ್ಪದಿಯದ್ದು, ಚಪ್ಪಾಳೆಗೆ ಕಷ್ಟ. ಆದರೆ ಅಜ್ಜಿಯರ ತಲೆ ತೂಗಿಸುತ್ತೆ. ಭಾಮಿನಿ ಷಟ್ಪದಿಯ ಒಂದು ಪದ್ಯ ಗಮಕದ ಧಾಟಿಯಲ್ಲಿ, ಅಂದರೆ ಕಾವ್ಯವನ್ನ ರಾಗವಾಗಿ ಓದೋ ಕ್ರಮದಲ್ಲಿ, ಹೇಳಿ ಎರಡೇ ವಾಕ್ಯದ ಅರ್ಥ ಕೊಟ್ಟರೆ ಹಿರಿಯರ ಸಾಲು ನಿಮ್ಮದು. ನೆನಪಿರಲಿ, 1, 2, 4, 5ನೇ ಸಾಲು 14 ಮಾತ್ರೆ, 3 ಮತ್ತು 6ನೆಯದು 21. ಉಸಿರು ಅದಕ್ಕೆ ತಕ್ಕಂತೆ ಕಾದಿಡಬೇಕು.

ದೇವನೂರು_ದಾರಿ
21 ಅಲ್ಲ ಸರ್, 23. ಏಳರ ಮೂರು ಗಣ ಆದಮೇಲೆ ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ) ಇದೆ, ಅದನ್ನ ಬಿಟ್ಟಿದ್ದೀರಿ. ಒಟ್ಟು 102. ಆ ಗುರುವೇ ನಿಲ್ಲುವ ಜಾಗ. ಅದನ್ನ ನುಂಗಿ ಮುಂದಿನ ಸಾಲಿಗೆ ಓಡಿದರೆ ಅರ್ಥವೂ ಓಡಿಹೋಗುತ್ತೆ.

ಇನ್ನೂ ಉದ್ದ ಸಾಲಿನ ವಾರ್ಧಕ ಷಟ್ಪದಿ ಬೇಡ ಅಂತ ನನ್ನ ಮತ. ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು, ಜೈಮಿನಿ ಭಾರತ ಪೂರ್ತಿ ವಾರ್ಧಕ ಷಟ್ಪದಿ, ನಮ್ಮ ಹೆಮ್ಮೆ, ಎಲ್ಲ ಸರಿ. ಆದರೆ ಅದರ 3 ಮತ್ತು 6ನೇ ಸಾಲು 32 ಮಾತ್ರೆ. ಪದ್ಯಕ್ಕೆ 144. ಪಳಗಿದ ಗಮಕಿಗಳ ಬಾಯಲ್ಲಿ ಅದು ಹೊಳೆ ಹರಿದ ಹಾಗೆ. ಹೊಸಬರು ಪೆಂಡಾಲಿನಲ್ಲಿ ಹೇಳಿದರೆ ಸಾಲಿನ ನಡುವೆ ಉಸಿರು ಕಟ್ಟಿ ಪದ ಎರಡು ತುಂಡಾಗುತ್ತೆ.

ಷಟ್ಪದಿ_ಪ್ರಿಯ
23 ಸರಿ. ಗುರು ಬಿಟ್ಟು ಎಣಿಸಿದ್ದೆ. ತಿದ್ದಿದ್ದಕ್ಕೆ ಧನ್ಯವಾದ.

ಶ್ರುತಿ_ಪೆಟ್ಟಿಗೆ
ಹಾಡಬೇಕಾ ಹೇಳಬೇಕಾ ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಪ್ರಕಾರ ಹಾಡಿ. ನಮ್ಮ ಜನ ಕವಿತೆ ಕಲಿತದ್ದೇ ರಾಗದಲ್ಲಿ. ಭಾವಗೀತೆ ಧಾಟಿ ಹಾಕಿದ್ರೆ ಹಿಂದಿನ ಹುಡುಗರೂ ತಿರುಗಿ ನೋಡ್ತಾರೆ.

ಪರದೆ_ಹಿಂದೆ
ಒಪ್ಪಲ್ಲ ಮೇಡಂ. ಎಂಟಕ್ಕೆ ಆರ್ಕೆಸ್ಟ್ರಾ ಇದೆ. ಅವರ ಹತ್ತಿರ ಕೀಬೋರ್ಡು, ರಿದಂ ಪ್ಯಾಡು, ಪಳಗಿದ ಗಂಟಲು ಎಲ್ಲ ಇರುತ್ತೆ. ಅದರ ಮುಂದೆ ಹಾಡೋಕೆ ಹೋಗಿ "ಇವರು ಅಷ್ಟು ಚೆನ್ನಾಗಿ ಹಾಡಲ್ಲ" ಅನ್ನಿಸಿಕೊಳ್ಳೋದು ಯಾಕೆ? ಬರೀ ದನಿಯಲ್ಲಿ ಹೇಳೋದನ್ನ ಆರ್ಕೆಸ್ಟ್ರಾದವರು ಮಾಡಲ್ಲ. ನಮ್ಮ ಅಂಗಡಿ ಸರಕು ಅದು.

ಶ್ರುತಿ_ಪೆಟ್ಟಿಗೆ
ಹಾಗಾದ್ರೆ ತ್ರಿಪದಿ, ಜೋಗುಳ, ಸೋಬಾನೆ ಕೂಡ "ಹೇಳ್ತೀರಾ"? ಜೋಗುಳ ಹೇಳಿದ್ರೆ ಮಗು ಮಲಗಲ್ಲ ಸಾರ್, ಎದ್ದು ಕೂರುತ್ತೆ.

ಪರದೆ_ಹಿಂದೆ
ಹ್ಹಹ್ಹ, ಅದು ನಿಜ. ಸರಿ, ಹನ್ನೆರಡರಲ್ಲಿ ಎರಡು ಹಾಡಿ. ಒಂದು ಗಮಕ, ಒಂದು ಜೋಗುಳ. ಉಳಿದ ಹತ್ತು ಹೇಳಿ. ಆದರೆ ಜೋಗುಳ ಕೊನೆಗೆ ಇಡಬೇಡಿ. ಹಾಗೆ ಇಟ್ಟರೆ ಚಿಕ್ಕ ಮಕ್ಕಳು ಮಲಗಿಬಿಡ್ತವೆ, ಎತ್ತಿಕೊಂಡು ಮನೆಗೆ ಹೊರಡ್ತಾರೆ, ಮಂಗಳಾರತಿಗೆ ಜನ ಇಲ್ಲ ಅಂತ ಅರ್ಚಕರು ನಿಮ್ಮನ್ನ ಬೈತಾರೆ.

ಕಾಫಿ_ಕಣ
ಈ ಮಾತು ಬಂದದ್ದಕ್ಕೆ ಹೇಳ್ತೇನೆ. ಕೊಪ್ಪ, ಶೃಂಗೇರಿ ಕಡೆ ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆ ತಂಡ ದೀಪ ಹಿಡ್ಕೊಂಡು ಮನೆಮನೆಗೆ ಬರುತ್ತಲ್ಲ, ಕುಟುಂಬದ ಮುಂದೆ ಪದ ಹೇಳೋದು ಅಂದ್ರೆ ಅದು. ಮೈಕಿಲ್ಲ, ಎಕೋ ಇಲ್ಲ. ಒಬ್ಬ ಸಾಲು ಎತ್ತುತ್ತಾನೆ, ಉಳಿದವರು ಹಿಡೀತಾರೆ. ಸಾಲು ಎರಡು ಸಲ ಕಿವಿಗೆ ಬೀಳುತ್ತೆ, ಹಾಗಾಗಿ ಜಗಲಿ ತುದೀಲಿ ಕೂತ ಅಜ್ಜಂಗೂ ಅರ್ಥ ಆಗುತ್ತೆ. ನಿಮ್ಮ ಮೂವರೂ ಇದನ್ನೇ ಮಾಡ್ಲಿಕ್ಕೆ ಏನು ಅಡ್ಡಿ? ಒಬ್ಬರು ಹೇಳಿ, ಇಬ್ಬರು ಮರು ಹೇಳಿ, ಮೂರನೇ ಸಲ ಮಕ್ಕಳ ಹತ್ರ ಹೇಳಿಸಿ.

ಯಗಚಿ_ದಂಡೆ
ಇದು ಹಿಡಿಸಿತು. ಮಕ್ಕಳಿಂದ ಹೇಳಿಸೋಕೆ ಅಂತ ಒಂದು ಪದ್ಯ ಕಟ್ಟಿದ್ದೀವಿ. ಹೀಗಿದೆ:

ಮಳೆ ಬಂತಜ್ಜೀ ಮಳೆ ಬಂತು
ಕಡುಬಿನ ತಟ್ಟೆಗೆ ಕೊಡೆ ಬಂತು
ಇಲಿರಾಯನ ಕಾಲ್ ಒದ್ದೇ ಒದ್ದೆ
ಗಣಪನಿಗಂತೂ ನಿದ್ದೇ ನಿದ್ದೆ

ಇಂಥ ಐದು ನುಡಿ ಆಗಬಹುದು. "ಒದ್ದೇ ಒದ್ದೆ", "ನಿದ್ದೇ ನಿದ್ದೆ" ಮಕ್ಕಳ ಪಾಲು. ಹೇಗನ್ನಿಸುತ್ತೆ?

ಷಟ್ಪದಿ_ಪ್ರಿಯ
ನಾಲ್ಕರ ಗತಿ ಸರಿಯಾಗಿ ಕೂತಿದೆ. ಮಳೆಬಂ | ತಜ್ಜೀ | ಮಳೆಬಂ | ತು. ಕಡುಬಿನ | ತಟ್ಟೆಗೆ | ಕೊಡೆಬಂ | ತು. ಮೊದಲೆರಡು ಸಾಲಿನ ಕೊನೆಗೆ ಒಂದೇ ಮಾತ್ರೆ ಇದೆ, ಮೂರು ಖಾಲಿ. ಆ ಖಾಲಿಯಲ್ಲೇ ಚಪ್ಪಾಳೆ ಹಾಕಿಸಿ. ಬಾಯಿ ಬಿಡುವಾದಾಗ ಕೈ ಕೆಲಸ ಮಾಡುತ್ತೆ. ಸಾಲುಗಳ ಎರಡನೇ ಅಕ್ಷರ ಹೊಂದೋ ಆದಿಪ್ರಾಸ ಇಲ್ಲ ಅನ್ನೋದು ಮಾತ್ರ ನನಗೆ ಕೊರತೆ.

ಹಿಂದಿನ_ಬೆಂಚು
ಆರು ವರ್ಷದ ಮಗು ಆದಿಪ್ರಾಸ ಕೇಳಲ್ಲ ಗುರುಗಳೇ.

ಕರಡು_ಪ್ರತಿ
ಪ್ರಾಸ ಬಿಡಿ, ಮೂರನೇ ಸಾಲನ್ನ ಒಮ್ಮೆ ಜೋರಾಗಿ ಹೇಳಿ ನೋಡಿ. "ಕಾಲ್ ಒದ್ದೇ" ಅನ್ನೋದು ಬಾಯಲ್ಲಿ "ಕಾಲೊದ್ದೇ" ಆಗುತ್ತೆ. ಕಾಗದದ ಮೇಲೆ ತೊಯ್ದ ಕಾಲು, ಕಿವಿಗೆ ಇಲಿಗೆ ಒದ್ದದ್ದು! ಹಿಂದಿನ ಸಾಲಿನ ಹುಡುಗರು ಅದನ್ನೇ ಹಿಡ್ಕೊಂಡು "ಇಲಿಗೆ ಒದ್ದೆ, ಇಲಿಗೆ ಒದ್ದೆ" ಅಂತ ಶುರು ಮಾಡ್ತಾರೆ. "ಇಲಿರಾಯನ ಮೈ ಒದ್ದೇ ಒದ್ದೆ" ಅನ್ನಿ. "ಯನ ಕಾಲ್" ನಾಲ್ಕು ಮಾತ್ರೆ, "ಯನ ಮೈ" ಕೂಡ ನಾಲ್ಕೇ. ಗತಿ ಕೆಡಲ್ಲ, ಇಲಿಯೂ ಉಳೀತು.

ಎಲ್ಲ ಕವನಕ್ಕೂ ಈ ಪರೀಕ್ಷೆ ಬೇಕು. ಬರೆದದ್ದನ್ನ ಒಬ್ಬರು ಬೆನ್ನು ತಿರುಗಿಸಿ ಓದಲಿ, ಇನ್ನೊಬ್ಬರು ಹತ್ತು ಹೆಜ್ಜೆ ದೂರ ನಿಂತು ಕೇಳಿಸಿಕೊಂಡದ್ದನ್ನ ಬರೀಲಿ. ಎರಡೂ ಒಂದೇ ಇಲ್ಲದ ಕಡೆ ಪದ ಬದಲಿಸಿ. ಸಂಧಿ ಮಾಡಿದಲ್ಲಿ, ಒತ್ತಕ್ಷರ ಹತ್ತಿರ ಹತ್ತಿರ ಬಂದಲ್ಲಿ, "ಅಲ್ಲ", "ಇಲ್ಲ" ಸಾಲಿನ ಕೊನೆಗೆ ಬಂದಲ್ಲೇ ಜಾಸ್ತಿ ಎಡವಟ್ಟು. ಸಾಲಿನ ತುದಿಗೆ ದನಿ ಇಳಿಯೋ ಅಭ್ಯಾಸ ಎಲ್ಲರಿಗೂ ಇದೆ. "ಇಲ್ಲ" ಕೇಳದೇ ಹೋದರೆ ಕವನದ ಅರ್ಥವೇ ತಿರುಗುಮುರುಗು.

ಯಗಚಿ_ದಂಡೆ
ಅಯ್ಯೋ, ಇಲಿಗೆ ಒದ್ದದ್ದು ನಮ್ಮ ಮೂವರ ಕಣ್ಣಿಗೂ ಬೀಳಲಿಲ್ಲ. ಈಗಲೇ ತಿದ್ದಿದೆ.

ಗುಗ್ಗರಿ
ಕಣ್ಣಿಗಲ್ಲ, ಕಿವಿಗೆ ಬೀಳಲಿಲ್ಲ.

ಸೌಂಡ್_ಬಾಕ್ಸ್
ಮಕ್ಕಳ ಕೈಗೆ ಮೈಕ್ ಕೊಡೋ ಯೋಚನೆ ಇದ್ದರೆ ಒಂದು ಎಚ್ಚರ. ಮಕ್ಕಳು ಮೈಕಿನ ಜಾಲರಿ ಗುಂಡನ್ನೇ ಮುಷ್ಟಿಯಲ್ಲಿ ಹಿಡೀತಾರೆ. ಹಾಗೆ ಮುಚ್ಚಿದಾಗ ಮೈಕು ಎಲ್ಲಾ ದಿಕ್ಕಿನ ಶಬ್ದ ಎಳ್ಕೊಂಡು "ಕುಂಯ್ಯ್" ಅಂತ ಕೂಗುತ್ತೆ. ಕೈಗೆ ಕೊಡಬೇಡಿ. ಎರಡೂವರೆ-ಮೂರು ಅಡಿ ಎತ್ತರಕ್ಕೆ ಇಳಿಸಿದ ಇನ್ನೊಂದು ಸ್ಟ್ಯಾಂಡ್ ಪಕ್ಕದಲ್ಲಿ ಇಡಿಸಿ. ಸ್ಪೀಕರ್ ಬಾಕ್ಸ್ ಮೈಕಿಗಿಂತ ಮುಂದಿರಲಿ, ತಲೆ ಮಟ್ಟಕ್ಕಿಂತ ಮೇಲೆ, ಏಳೆಂಟು ಅಡಿ ಎತ್ತರಕ್ಕೆ. ನೆಲದ ಮೇಲಿಟ್ಟರೆ ಮುಂದಿನ ಮಕ್ಕಳ ಕಿವಿ ಒಡೆಯುತ್ತೆ, ಹಿಂದಿನವರಿಗೆ ಏನೂ ಮುಟ್ಟಲ್ಲ. ಜಮಖಾನ ವೇದಿಕೆಯಿಂದ ಆರಡಿ ಬಿಟ್ಟು ಹಾಸಿಸಿ, ಇಲ್ಲವಾದರೆ ವೈರು ಎಳೆದಾಟ ಗ್ಯಾರಂಟಿ.

ಪರದೆ_ಹಿಂದೆ
ಮಕ್ಕಳ ವಿಷಯದಲ್ಲಿ ಇನ್ನೊಂದು. "ನಮ್ಮ ಪಾಪುನೂ ಒಂದು ಪದ್ಯ ಹೇಳ್ತಾಳೆ" ಅಂತ ಒಬ್ಬರು ಮುಂದೆ ಬಂದರೆ ಹಿಂದೆ ಇಪ್ಪತ್ತು ಪಾಪು ಸಾಲು ನಿಲ್ಲುತ್ತೆ. ಬೇಡ ಅನ್ನೋಕೂ ಆಗಲ್ಲ, ಹಬ್ಬ. ಮುಂಚಿನ ದಿನವೇ ಮೂರು ಹೆಸರು ಬರ್ಕೊಳ್ಳಿ, ತಲಾ ಒಂದು ನಿಮಿಷ, ನಿಮ್ಮ ನಾಲ್ಕನೇ ಕವನ ಆದಮೇಲೆ. ಉಳಿದವರಿಗೆ "ಎಲ್ಲರೂ ಸೇರಿ ಹೇಳೋದು ಮುಂದೆ ಇದೆ" ಅನ್ನಿ, ಅದು ಸುಳ್ಳೂ ಅಲ್ಲ. ಮಗು ನಡುವೆ ಮರೆತರೆ ಹಿಂದಿನಿಂದ ಸಾಲು ಕೂಗಿ ಹೇಳಿಕೊಡಬೇಡಿ, ಅಳು ಬರುತ್ತೆ. ಪಕ್ಕಕ್ಕೆ ಬಗ್ಗಿ ಜೊತೆಗೆ ಹೇಳಿ.

ಶ್ರುತಿ_ಪೆಟ್ಟಿಗೆ
ಬಾಯಿಪಾಠ ಅಥವಾ ಹಾಳೆ? ನನ್ನ ಮಟ್ಟಿಗೆ ಬಾಯಿಪಾಠವೇ. ಹಾಳೆ ನೋಡ್ತಾ ಇದ್ರೆ ಮಕ್ಕಳ ಕಣ್ಣು ಬಿಟ್ಟುಹೋಗುತ್ತೆ.

ಕರಡು_ಪ್ರತಿ
ಹನ್ನೆರಡೂ ಬಾಯಿಪಾಠ ಅಂದರೆ ಮೂರನೆಯದರಲ್ಲೇ ಕೈಕೊಡುತ್ತೆ. ನಡುದಾರಿ ಇದೆ. ಮಕ್ಕಳಿಂದ ಹೇಳಿಸುವವು ಪೂರ್ತಿ ಬಾಯಿಪಾಠ. ಉಳಿದವುಗಳ ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಬಾಯಿಪಾಠ, ನಡುವಿನದ್ದು ನೋಡಿ ಓದಿ. ಶುರುವಿನಲ್ಲೂ ಕೊನೆಗೂ ನೀವು ಜನರನ್ನ ನೋಡಿದರೆ ಸಾಕು.

ಹಾಳೆ ಅಂದರೆ ಬಿಡಿ ಹಾಳೆ ಅಲ್ಲ. ಗಾಳಿಗೆ ಪಟಪಟ ಅನ್ನೋದು ಮೈಕಿನಲ್ಲಿ ಮಳೆ ಬಂದಂತೆ ಕೇಳುತ್ತೆ. ಪರೀಕ್ಷೆಗೆ ಒಯ್ಯೋ ಕ್ಲಿಪ್ ರಟ್ಟು ತಗೊಳ್ಳಿ, ಒಂದು ಮಗ್ಗುಲಿಗೆ ಮಾತ್ರ ಮುದ್ರಣ, ಹಾಳೆಗೊಂದು ಕವನ, ಅಕ್ಷರ 18-20 ಪಾಯಿಂಟ್. ಉಸಿರು ತಗೊಳ್ಳೋ ಕಡೆ ಕೆಂಪು ಗೀಟು. ಮೊಬೈಲ್ ನೋಡಿ ಓದೋದು ಬೇಡವೇ ಬೇಡ: ಮುಖ ನೀಲಿ ಕಾಣುತ್ತೆ, ಸಾಲಿನ ನಡುವೆ ಯಾರದೋ ಫೋನ್ ಬರುತ್ತೆ, ಫೋನ್ ಬರೋ ಮುಂಚೆ ಸ್ಪೀಕರಿನಲ್ಲಿ "ಡಡ್ಡಡ್ಡ" ಅನ್ನುತ್ತೆ. ಜೇಬಿನಲ್ಲಿದ್ದರೂ ಏರೋಪ್ಲೇನ್ ಮೋಡಿನಲ್ಲಿರಲಿ.

ದೇವನೂರು_ದಾರಿ
ಉಚ್ಚಾರಣೆ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮ ಕಡೆ "ಹೂವು" "ಊವು" ಆಗೋದು, "ಹಾಲು" "ಆಲು" ಆಗೋದು ಮನೇಲಿ ಸರಿ. ವೇದಿಕೆ ಮೇಲೆ ಅಕಾರ-ಹಕಾರ ಸ್ಪಷ್ಟ ಇರಬೇಕು, ಮಕ್ಕಳು ಕೇಳಿ ಕಲಿಯೋದು.

ಹಿಂದಿನ_ಬೆಂಚು
ಯಾಕೆ ಸ್ವಾಮಿ? ಕೇಳೋ ಅಜ್ಜಿಯೇ "ಊವು" ಅನ್ನುವಾಗ ಹೇಳೋರು "ಹ್ಹೂವು" ಅಂತ ಒತ್ತಿದ್ರೆ ಮೇಷ್ಟ್ರು ಬಂದಂಗಿರುತ್ತೆ.

ಕಾಫಿ_ಕಣ
ಇಬ್ಬರದ್ದೂ ಸರಿ ಅಂತ ಹೇಳ್ಲಿಕ್ಕೆ ಬಂದವನಲ್ಲ ನಾನು, ಹಿಂದಿನ ಬೆಂಚೇ ಸರಿ. ಕವನ ಗ್ರಂಥಭಾಷೆಯಲ್ಲಿದ್ರೆ ಹಕಾರ ಹಿಡೀರಿ. ಹಾಸನದ ಹಳ್ಳಿ ಮಾತಲ್ಲೇ ಕಟ್ಟಿದ ಕವನ ಆದ್ರೆ ಅದೇ ಬಾಯಲ್ಲಿ ಹೇಳಿ. ಒಂದೇ ಕವನದೊಳಗೆ ಎರಡೂ ಬೆರೆಸಿದ್ರೆ ಮಾತ್ರ ಎಲ್ರಿಗೂ ಗೊತ್ತಾಗುತ್ತೆ.

ದೇವನೂರು_ದಾರಿ
ಭಾಷೆ ಕೆಡೋದು ಹೀಗೇ. ಇರಲಿ, ಗಣಪತಿ ಹಬ್ಬದಲ್ಲಿ ಜಗಳ ಬೇಡ.

ಗುಗ್ಗರಿ
ಹನಿಗವನ ಸೇರಿಸ್ತೀರಾ? ಹಿಂದಿನ ಹುಡುಗರಿಗೆ ಅದೇ ಬೇಕು.

ಪರದೆ_ಹಿಂದೆ
ಮೂರು, ಜಾಸ್ತಿ ಅಂದರೆ ನಾಲ್ಕು. ಹನಿಗವನ ಉಪ್ಪಿನಕಾಯಿ ಇದ್ದ ಹಾಗೆ, ಅದನ್ನೇ ಊಟ ಮಾಡಿಸಬೇಡಿ. ಹೆಂಡತಿ ಕಾಟ, ಅತ್ತೆ ಕಾಟ, ಕುಡುಕ ಗಂಡ, ಈ ಮೂರೂ ಬಿಟ್ಟು ಹುಡುಕಿ. ನಡುವಿನ ಕುರ್ಚಿಯಲ್ಲಿ ಅತ್ತೆ-ಸೊಸೆ ಅಕ್ಕಪಕ್ಕವೇ ಕೂತಿರ್ತಾರೆ. ಕೊನೆ ಸಾಲು ಹೇಳಿದ ಮೇಲೆ ಎರಡು ಸೆಕೆಂಡು ಬಾಯಿ ಮುಚ್ಚಿಕೊಂಡಿರಿ. ನಗು ಹಿಂದಿನ ಸಾಲು ಮುಟ್ಟೋಕೆ ಅಷ್ಟು ಹೊತ್ತು ಬೇಕು. ನಗು ಬರದಿದ್ದರೆ ವಿವರಿಸೋಕೆ ಹೋಗದೆ ಮುಂದಿನದಕ್ಕೆ ಹೋಗಿ.

ಅದಕ್ಕಿಂತ ಒಗಟಿನ ಪದ್ಯ ಒಳ್ಳೇದು. ಮೂರು ತಲೆಮಾರೂ ಒಟ್ಟಿಗೆ ಬಾಯಿ ಬಿಡೋದು ಅದಕ್ಕೇ. "ಮಳೆಗೆ ಅರಳುವ ಕಪ್ಪು ಹೂವು, ಒಂದೇ ಕಾಲು, ಎಂಟು ಎಲುಬು" ಅಂತ ಕೇಳಿ ನಿಲ್ಲಿಸಿ. ಯಾರಾದರೂ "ಕೊಡೆ" ಅಂತ ಕೂಗುತ್ತಿದ್ದಂತೆ ನಿಮ್ಮ ಮಳೆ ಪದ್ಯಕ್ಕೆ ಜಾರಬಹುದು. ಬೇರೆ ನಿರೂಪಣೆ ಬೇಕೇ ಇಲ್ಲ.

ಯಗಚಿ_ದಂಡೆ
ಒಗಟಿನಿಂದ ಮಳೆ ಪದ್ಯಕ್ಕೆ! ಕದ್ದೆ. ಇನ್ನೊಂದು ಅನುಮಾನ. ಹಳೆಯ ಕವಿಗಳ ಪದ್ಯ ಹೇಳೋಕೆ ಅನುಮತಿ ಬೇಕಾ? ಸಮಿತಿಯಲ್ಲಿ ಒಬ್ಬರು ಕಾಪಿರೈಟ್ ಕಾಪಿರೈಟ್ ಅಂತಿದ್ದಾರೆ.

ಗುಗ್ಗರಿ
ಪಠ್ಯಪುಸ್ತಕದಲ್ಲಿ ಬಂದ ಪದ್ಯಕ್ಕೆಲ್ಲ ಕಾಪಿರೈಟ್ ಇರಲ್ಲ ಅಲ್ವಾ?

ಕರಡು_ಪ್ರತಿ
ಇರುತ್ತೆ. ಪಠ್ಯದಲ್ಲಿ ಅಚ್ಚಾದ ಮಾತ್ರಕ್ಕೆ ಹಕ್ಕು ಹೋಗಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಸಿ 60 ವರ್ಷ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937, ಅವರ ಪದ್ಯಗಳು ಯಾವತ್ತೋ ಮುಕ್ತ. ಜಿ.ಪಿ. ರಾಜರತ್ನಂ 1979, ಅಂದರೆ 2039ರ ಕೊನೆವರೆಗೆ ಹಕ್ಕು ಇದೆ. ನಿಮ್ಮ ಪಕ್ಕದ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರದ್ದು 1994, ಹಾಗಾಗಿ 2054ರ ಕೊನೆವರೆಗೆ.

ಹಾಗಂತ ಹೆದರಬೇಡಿ. ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ: ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಕೂತ ಜನರ ಮುಂದೆ ಪ್ರದರ್ಶಿಸಿದರೆ ಅದು ಉಲ್ಲಂಘನೆ ಅಲ್ಲ. ಪ್ರಕಟವಾದ ಕೃತಿಯ ಮಿತವಾದ ಭಾಗವನ್ನ ಸಭೆಯಲ್ಲಿ ಓದುವುದಕ್ಕೂ ಅವಕಾಶ ಇದೆ. ಗಣಪತಿ ಪೆಂಡಾಲಿಗೆ ಟಿಕೆಟ್ ಇಲ್ಲ, ನೀವು ಹವ್ಯಾಸಿಗಳು. ಆದರೆ ಅದನ್ನ ವಿಡಿಯೋ ಮಾಡಿ ಯೂಟ್ಯೂಬಿಗೆ ಏರಿಸೋದು ಬೇರೆ ಮಾತು, ಪೆಂಡಾಲಿನ ವಿನಾಯಿತಿಯನ್ನ ಅಲ್ಲಿಗೆ ಎಳೆಯೋಕೆ ಆಗಲ್ಲ. ಸಮಿತಿಯವರ ಲೈವ್ ಇದ್ದರೆ ಆ ಹೊತ್ತಿಗೆ ನಿಮ್ಮ ಸ್ವಂತದ್ದು, ಜನಪದದ್ದು, ಮುಕ್ತವಾದದ್ದು ಮಾತ್ರ ಇಟ್ಟುಕೊಳ್ಳಿ. ಕವಿಯ ಹೆಸರು ಮಾತ್ರ ಎಲ್ಲದಕ್ಕೂ ಹೇಳಲೇಬೇಕು, ಕಾನೂನಿಗಲ್ಲದಿದ್ದರೂ ಮರ್ಯಾದೆಗೆ.

ಹಿಂದಿನ_ಬೆಂಚು
ಹತ್ತು ಗಂಟೆ ರೂಲ್ಸು ಮರೀಬೇಡಿ.

ಸೌಂಡ್_ಬಾಕ್ಸ್
ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, 2000ದ ಶಬ್ದ ಮಾಲಿನ್ಯ ನಿಯಮ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು. ಏಳೂಕಾಲಕ್ಕೆ ಮುಗಿಸುವವರಿಗೆ ಇದರ ಚಿಂತೆ ಇಲ್ಲ. ಆರ್ಕೆಸ್ಟ್ರಾದವರಿಗೆ ಇದೆ, ಅದಕ್ಕೇ ನಿಮ್ಮನ್ನ ಬೇಗ ಇಳಿಸೋಕೆ ನೋಡ್ತಾರೆ. "ಒಂದೇ ನಿಮಿಷ ಸಾರ್" ಅಂತ ಕೀಬೋರ್ಡಿನವರು ಹಿಂದೆ ಟೆಸ್ಟಿಂಗ್ ಶುರು ಮಾಡಿದರೆ ನಿಮ್ಮ ಕಥೆ ಮುಗೀತು. ಸೌಂಡ್ ಚೆಕ್ ಐದಕ್ಕೇ ಮುಗಿಸಬೇಕು ಅಂತ ಸಮಿತಿಯಿಂದ ಹೇಳಿಸಿ. ನಿಮ್ಮದೂ ಆಗಲೇ ಆಗಲಿ. "ಹಲೋ ಹಲೋ ಮೈಕ್ ಟೆಸ್ಟಿಂಗ್" ಬೇಡ, ಭಕಾರ-ಫಕಾರ ಇರೋ ಒಂದು ಕವನ ಪೂರ್ತಿ ಹೇಳಿ ನೋಡಿ.

ಯಗಚಿ_ದಂಡೆ
ಮಳೆ? ಪೆಂಡಾಲಿಗೆ ಜಿಂಕ್ ಶೀಟ್ ಹೊದಿಸಿದ್ದಾರೆ.

ಕಾಫಿ_ಕಣ
ಭಾದ್ರಪದದಲ್ಲಿ ಮಳೆ "ಬಂದರೆ" ಅಂತ ಕೇಳ್ತಾರಲ್ಲ ಇವರು! ಬರುತ್ತೆ. ಶೀಟಿನ ಮೇಲೆ ಅಡಿಕೆ ಸೋಗೆ ಒಂದು ಪದರ ಹಾಸಿ ಹಗ್ಗ ಬಿಗಿದ್ರೆ ಹನಿ ಸೋಗೆ ಮೇಲೆ ಬೀಳುತ್ತೆ, ಶೀಟು ತಮಟೆ ಆಗಲ್ಲ. ಸೋಗೆ ಸಿಗದಿದ್ರೆ ಟಾರ್ಪಾಲು ಅಂಟಿಕೊಳ್ಳೋ ಹಾಗೆ ಬಿಗೀಬೇಕು, ಸಡಿಲ ಇದ್ರೆ ನೀರು ನಿಂತು ಜೋತು ಬೀಳುತ್ತೆ. ಬಯಲುಸೀಮೆ ಕಡೆ ಸೋಗೆ ಬದಲು ತೆಂಗಿನ ಗರಿ.

ಸೌಂಡ್_ಬಾಕ್ಸ್
ಮಳೆ ಜೋರಾದಾಗ ವಾಲ್ಯೂಮ್ ಏರಿಸಬೇಡಿ. ಏರಿಸಿದಷ್ಟೂ ಮೈಕು ಮಳೆಯ ಸದ್ದನ್ನೇ ಎಳೆದು ಕೂಗುತ್ತೆ. ಅದಕ್ಕಿಂತ ದೊಡ್ಡ ವಿಷಯ ಕರೆಂಟು. ನೆಲ ಒದ್ದೆ, ಚಪ್ಪಲಿ ಬಿಟ್ಟು ವೇದಿಕೆ ಹತ್ತಿದ್ದೀರಿ, ಆಂಪ್ಲಿಫೈಯರಿಗೆ ಅರ್ತಿಂಗ್ ಸರಿ ಇಲ್ಲ ಅಂದರೆ ಮೈಕಿನ ಲೋಹದ ಮೈಯೇ ಷಾಕ್ ಹೊಡೆಯುತ್ತೆ. ಕಾರ್ಯಕ್ರಮಕ್ಕೆ ಮುಂಚೆ ಟೆಸ್ಟರ್ ಹಿಡಿದು ಮೈಕ್, ಸ್ಟ್ಯಾಂಡ್ ಎರಡನ್ನೂ ಮುಟ್ಟಿ ನೋಡಿಸಿ. ದೀಪ ಹತ್ತಿದರೆ ಯಾರೂ ಮುಟ್ಟಬೇಡಿ, ಮಕ್ಕಳಂತೂ ದೂರ. ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯೋ ಸ್ವಿಚ್) ಹಾಕಿದ್ದಾರಾ ಕೇಳಿ. ನಿಲ್ಲೋ ಜಾಗಕ್ಕೆ ಒಣ ಹಲಗೆ ಅಥವಾ ರಬ್ಬರ್ ಮ್ಯಾಟು. ಸೀರಿಯಲ್ ಸೆಟ್ಟಿನ ವೈರು ವೇದಿಕೆ ಕಂಬಕ್ಕೆ ಸುತ್ತಿದ್ದರೆ ಬಿಚ್ಚಿಸಿ.

ಪರದೆ_ಹಿಂದೆ
ಮಳೆ ಪೂರ್ತಿ ನುಂಗಿಬಿಟ್ಟರೆ ಮೈಕ್ ಆಫ್ ಮಾಡಿ ಕೆಳಗಿಳೀರಿ. ಕುರ್ಚಿಯವರನ್ನ ಮುಂದಕ್ಕೆ ಕರೀರಿ, ಮಕ್ಕಳ ಸುತ್ತ ಒತ್ತಾಗಿ ನಿಲ್ಲಲಿ. ಆಗ ಹೇಳಬೇಕಾದ್ದು ಚಪ್ಪಾಳೆ ಪದ್ಯ ಮಾತ್ರ. ಗಂಭೀರವಾದದ್ದನ್ನ ಮುಲಾಜಿಲ್ಲದೆ ಕೈಬಿಡಿ. ಹಾಗಾಗಿ ಪಟ್ಟಿಯಲ್ಲಿ ಮೊದಲೇ ಗುರುತು ಹಾಕಿಡಿ: ಇವು ಮಳೆಗೆ, ಇವು ಬಿಸಿಲಿಗೆ.

ಶ್ರುತಿ_ಪೆಟ್ಟಿಗೆ
ಗಂಟಲಿಗೆ ಬಿಸಿನೀರು ಫ್ಲಾಸ್ಕಲ್ಲಿ ಇಟ್ಕೊಳ್ಳಿ. ಸಮಿತಿಯವರು ಪ್ರೀತಿಯಿಂದ ಬಾದಾಮಿ ಹಾಲು ಕೊಡ್ತಾರೆ, ಮುಗಿದ ಮೇಲೆ ಕುಡೀರಿ. ಹಾಲು ಕುಡಿದು ಹತ್ತಿದ್ರೆ ಎರಡು ಸಾಲಿಗೊಮ್ಮೆ ಗಂಟಲು ಕ್ಯಾಕರಿಸಬೇಕು, ಅದೂ ಮೈಕಲ್ಲಿ.

ಗುಗ್ಗರಿ
ಚರುಪು ಹಂಚೋದನ್ನ ಕವನದ ನಡುವೆ ಶುರು ಮಾಡಬೇಡಿ ಅಂತಲೂ ಹೇಳಿಬಿಡಿ. ಕಡ್ಲೆ ಉಸಲಿ ವಾಸನೆ ಎದುರು ಯಾವ ಕವಿಯೂ ನಿಲ್ಲಲ್ಲ.

ಯಗಚಿ_ದಂಡೆ
ಎಲ್ಲ ಬರ್ಕೊಂಡೆ. ಮೂವತ್ತು ನಿಮಿಷ, ಹನ್ನೆರಡು ಕವನ, ಎರಡು ಹಾಡು, ಮೂರು ಪಾಪು, ಎಕೋ ಸೊನ್ನೆ. ಸಮಿತಿಯವರು ಹಾರ್ನ್ ಆಫ್ ಮಾಡೋಕೆ ಒಪ್ಪಿದ್ದಾರೆ, ಬಲೂನಿನವನ ವಿಷಯದಲ್ಲಿ ಮಾತ್ರ ಮಾತುಕತೆ ನಡೀತಿದೆ. ಮಳೆ ಪದ್ಯದ ಎರಡನೇ ನುಡಿಗೆ ಸಿಕ್ಕಿಕೊಂಡಿದ್ದೀವಿ. ಕಡುಬು ಆಯ್ತು, ಮುಂದೆ ಏನು?

ಕಾಫಿ_ಕಣ
ಹಿಡ್ಕೊಳ್ಳಿ:

ಚಕ್ಕುಲಿ ಡಬ್ಬಕೆ ಬೀಗವು ಬಿತ್ತು
ಕೀಲಿಯು ಅಜ್ಜಿಯ ಸೆರಗಲಿ ಇತ್ತು

ಷಟ್ಪದಿ_ಪ್ರಿಯ
ನಾಲ್ಕು ನಾಲ್ಕು ನಾಲ್ಕು ಮೂರು. ಎರಡು ಸಾಲೂ ಸರಿ ಇದೆ. ಇಲ್ಲಿ ಕೊನೆಗೆ ಒಂದೇ ಮಾತ್ರೆ ಖಾಲಿ, ಚಪ್ಪಾಳೆ ಒಂದೇ.

ಕರಡು_ಪ್ರತಿ
ಕಿವಿ ಪರೀಕ್ಷೆಯೂ ಪಾಸು. "ಸೆರಗಲಿ ಇತ್ತು" ಅಂದ ಕೂಡಲೇ ಮುಂದಿನ ಸಾಲಿಗೆ ಓಡಬೇಡಿ. ಮಕ್ಕಳೆಲ್ಲ ಹಿಂದೆ ತಿರುಗಿ ಅಜ್ಜಿಯರ ಸೆರಗು ನೋಡ್ತಾರೆ, ಅಷ್ಟು ಹೊತ್ತು ಕೊಡಿ.